ಕಲ್ಲು ಉಳಿಯಿತು... ಗ್ಲಾಡಿಸ್ ಮೇಡಂ ಇಳಿದರು

ಅಮರೇಗೌಡರು ಅಂದ್ರೆ ಗ್ರಾನೈಟ್ ವ್ಯಾಪಾರದಲ್ಲಿ ದೊಡ್ಡ ಹೆಸರು. ಕುಷ್ಟಗಿ ಕಡೆಯವರು.

ಮನುಷ್ಯ ಕೆಟ್ಟವರೇನಲ್ಲ... ಆದರೆ 'ನಾನು' ಅನ್ನೋದು ಸ್ವಲ್ಪ ಜಾಸ್ತಿ.

ಅವತ್ತಂತೂ ಅವರನ್ನು ಹಿಡಿಯೋರೇ ಇರಲಿಲ್ಲ ಬಿಡಿ. ಸಂಜೆ ಬೆಂಗಳೂರಿನಲ್ಲಿ 'ಗರಿ ಏರ್‌ಲೈನ್ಸ್' ಕಂಪನಿಗೆ ಮೂವತ್ತು ವರ್ಷ ತುಂಬಿದ ಫಂಕ್ಷನ್. ಹಳೇ ಪ್ಯಾಸೆಂಜರ್ ಅಂತ ಗೌಡರನ್ನೇ ಚೀಫ್ ಗೆಸ್ಟ್ ಮಾಡಿದ್ದರು.

ಗರಿ ಅಂದ್ರೆ ಮುಂದೆ ಫ್ಯಾನ್ ತಿರುಗುವ ಪುಟ್ಟ ವಿಮಾನಗಳ ಕಂಪನಿ. ದೊಡ್ಡ ವಿಮಾನ ತಿರುಗಿಯೂ ನೋಡದ ಊರುಗಳಿಗೆಲ್ಲ ಹೋಗಿ ಬರೋದು ಅದೇ.

ಬಳ್ಳಾರಿಯ ಬೇಸಿಗೆ ಮಧ್ಯಾಹ್ನ... ಎಲ್ಲರೂ ಬೆಂಗಳೂರಿನ ವಿಮಾನ ಹತ್ತಿ ಕೂತಿದ್ದರು. ಗೌಡರು ಮುಂದಿನ ಸೀಟು. ಅಷ್ಟರಲ್ಲಿ ಕೌಂಟರಿನ ಹುಡುಗಿ ವಿಮಾನದೊಳಗೆ ಬಂದು ಕೈಮುಗಿದು ನಿಂತಳು.

"ಸರ್, ಬಿಸಿಲು ಬಹಳ ಇದೆ. ಇಂಥ ಹೊತ್ತಲ್ಲಿ ನಮ್ಮ ವಿಮಾನ ಜಾಸ್ತಿ ತೂಕ ಎತ್ತಲ್ಲ. ನಿಮ್ಮ ಕಲ್ಲಿನ ಸ್ಯಾಂಪಲ್ ಪೆಟ್ಟಿಗೇನ ನಾಳೆ ಬೆಳಿಗ್ಗೆ ಫ್ಲೈಟ್‌ಗೆ ಕಳಿಸ್ತೀವಿ. ನಮ್ಮೋರೇ ಹೋಟೆಲ್‌ಗೆ ತಂದು ಕೊಡ್ತಾರೆ."

ನಿಜ ಹೇಳಬೇಕಂದ್ರೆ ಆ ಕಲ್ಲು ನೋಡೋಕೆ ಬಾಂಬೆ ಪಾರ್ಟಿ ಬರ್ತಾ ಇದ್ದದ್ದೇ ಮರುದಿನ ಮಧ್ಯಾಹ್ನ. ಬೆಳಿಗ್ಗೆ ಬಂದರೂ ಏನೂ ಮುಳುಗಿಹೋಗುತ್ತಿರಲಿಲ್ಲ.

ಆದರೂ ಗೌಡರು ದನಿ ಏರಿಸಿದರು. "ನಾನು ಯಾರು ಅಂತ ಗೊತ್ತೈತೇನಮ್ಮ? ಇವತ್ತು ನಿಮ್ಮ ಕಂಪನಿ ಫಂಕ್ಷನ್‌ಗೆ ನಾನೇ ಚೀಫ್ ಗೆಸ್ಟ್. ನನ್ನ ಪೆಟ್ಟಿಗೆ ಇಳಿಸ್ತೀಯಾ ನೀನು?"

ಪಾಪ, ಹುಡುಗಿಯ ಕಣ್ಣು ತುಂಬಿ ಬಂತು...

ಆಗ ಹಿಂದಿನ ಸೀಟಿನಿಂದ ಹೆಂಗಸೊಬ್ಬರು ಎದ್ದು ಬಂದರು. ಅರವತ್ತು ದಾಟಿದವರು. ಕಾಟನ್ ಸೀರೆ, ಕೈಯಲ್ಲೊಂದು ಸಣ್ಣ ಬ್ಯಾಗು.

"ಬಿಡು ಮಗಳೇ, ನಾನು ಇಳೀತೀನಿ. ನಂದು ಕಂಪನಿ ಪಾಸು. ಬಸ್ಸಿಗೆ ಹೋಗ್ತೀನಿ."

ಗರಿಯಲ್ಲಿ ಮೊದಲ ದಿನದಿಂದಲೂ ಒಂದು ಪದ್ಧತಿ. ತೂಕ ಜಾಸ್ತಿಯಾದರೆ ಮೊದಲು ಇಳಿಯೋದು ಕಂಪನಿಯವರು... ಪ್ಯಾಸೆಂಜರ್ ಅಲ್ಲ. ರಿಟೈರ್ ಆದವರೂ ಅದನ್ನು ಬಿಟ್ಟಿರಲಿಲ್ಲ.

ಆ ಹೆಂಗಸು ಗೌಡರಿಗೂ "ಹ್ಯಾಪಿ ಜರ್ನಿ ಸರ್" ಅಂತ ನಕ್ಕು ಹೇಳಿ, ಸುಡುವ ಬಿಸಿಲಲ್ಲಿ ನಡೆದು ಹೋದರು. ಗೌಡರು ಕಿಟಕಿಯಿಂದ ನೋಡಿದರು. 'ಹೇಗೂ ಬಿಟ್ಟಿ ಟಿಕೆಟ್ ತಾನೆ' ಅಂದುಕೊಂಡು ಕಣ್ಣು ಮುಚ್ಚಿದರು.

ಸಂಜೆ ಫಂಕ್ಷನ್... ಹಾಲ್ ತುಂಬ ಜನ.

ಗೌಡರು ಭಾಷಣ ಜೋರಾಗಿಯೇ ಮಾಡಿದರು. ಒಂದೇ ವಿಮಾನದಿಂದ ಶುರುವಾದ ಕಂಪನಿ... ದೊಡ್ಡ ದೊಡ್ಡ ಕಂಪನಿಗಳು ಬಾಗಿಲು ಹಾಕಿದರೂ ಇದು ಉಳಿಯಿತು... ಪ್ರವಾಹ ಬಂದ ವರ್ಷ ಔಷಧಿ ಹೊತ್ತು ಹಾರಿತು... ಮೂವತ್ತು ವರ್ಷದಲ್ಲಿ ಒಂದೇ ಒಂದು ಅಪಘಾತವಿಲ್ಲ.

ಚಪ್ಪಾಳೆಯೋ ಚಪ್ಪಾಳೆ.

ವೇದಿಕೆಯ ಮೇಲೆ ವೀಲ್‌ಚೇರಿನಲ್ಲಿ ಕಂಪನಿಯ ಮೊದಲ ಪೈಲಟ್ ಕ್ಯಾಪ್ಟನ್ ಶಾನಭಾಗರು ಕೂತಿದ್ದರು. ಅವರ ಪಕ್ಕದ ಕುರ್ಚಿ ಖಾಲಿ. ಅವರ ಕಣ್ಣು ಮಾತ್ರ ಬಾಗಿಲ ಕಡೆಗೇ.

ಕಂಪನಿಯ ಎಂ.ಡಿ. ಗೌಡರ ಕಿವಿಯಲ್ಲಿ ಪಿಸುಗುಟ್ಟಿದರು. "ಕ್ಯಾಪ್ಟನ್‌ನ ಆಸ್ಪತ್ರೆಯಿಂದ ಕರ್ಕೊಂಡು ಬಂದಿದ್ದೀವಿ ಸರ್. ಡಾಕ್ಟರು ಎರಡೇ ಗಂಟೆ ಬಿಟ್ಟಿದ್ದಾರೆ. ಇನ್ನೊಂದು ಸಲ ಬಿಡೋದು ಡೌಟು... ನಮ್ಮ ಮೊದಲ ಏರ್ ಹೋಸ್ಟೆಸ್ ಗ್ಲಾಡಿಸ್ ಮೇಡಂನ ಒಂದ್ಸಲ ನೋಡ್ಬೇಕು ಅಂತ ಬಂದ್ರು. ಮೇಡಂಗೆ ನೀವೇ ಶಾಲು ಹೊದಿಸಬೇಕಿತ್ತು, ಅವರೇ ಇನ್ನೂ ಬಂದಿಲ್ಲ."

ಅಷ್ಟರಲ್ಲಿ ಪರದೆಯ ಮೇಲೆ ಗ್ಲಾಡಿಸ್ ಮೇಡಂ ಫೋಟೋ ಬಂತು...

ಗೌಡರು ತಲೆ ಎತ್ತಿ ನೋಡಿದರು. ಅದೇ ಮುಖ. ಅದೇ ನಗು.

ಹೊದಿಸೋಕೆ ಅಂತ ಕೈಗೆ ಕೊಟ್ಟಿದ್ದ ಶಾಲನ್ನು ಎಲ್ಲಿಡಬೇಕು ಅಂತಲೂ ತಿಳಿಯಲಿಲ್ಲ. ಸಾವಿರ ಜನರ ಮುಂದೆ ನಿಂತ ಜಾಗದಲ್ಲೇ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಕ್ಯಾಪ್ಟನ್ ಹೊರಡುವ ಹೊತ್ತಾಯಿತು. ಎಂ.ಡಿ. ಗ್ಲಾಡಿಸ್ ಮೇಡಂಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ ಗೌಡರ ಕೈಗೆ ಕೊಟ್ಟರು. ಗೌಡರು ಬಗ್ಗಿ ಅದನ್ನು ಕ್ಯಾಪ್ಟನ್ ಕಿವಿಯ ಹತ್ತಿರ ಹಿಡಿದರು. ಬಸ್ಸಿನ ಸದ್ದು ಕೇಳುತ್ತಿತ್ತು.

"ಗ್ಲಾಡಿಸ್... ಯಾಕಮ್ಮ ಬರ್ಲಿಲ್ಲ?"

"ತೂಕ ಜಾಸ್ತಿ ಆಯ್ತು ಸರ್. ನಾನು ಇಳಿದೆ."

"ಪ್ಯಾಸೆಂಜರ್ ಎಲ್ಲ ಹೋದ್ರಾ?"

"ಎಲ್ರೂ ಹೋದ್ರು ಸರ್."

"ಸರಿ ಮಾಡಿದೆ..." ಮುದುಕರ ದನಿ ನಡುಗಿತು. "ಅಷ್ಟು ತೂಕ ಹೇಗೆ ಬಂತಮ್ಮ?"

ಗೌಡರು ಕಣ್ಣು ಮುಚ್ಚಿಕೊಂಡರು. ಈಗ ಹೇಳ್ತಾರೆ... ಈಗ ನನ್ನ ಮಾನ ಹೋಯ್ತು...

"ಯಾರದೂ ತಪ್ಪಿಲ್ಲ ಸರ್. ಬಿಸಿಲು ಜಾಸ್ತಿ ಇತ್ತು ಅಷ್ಟೇ."

ಕ್ಯಾಪ್ಟನ್ ತಲೆಯಾಡಿಸಿದರು. ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ, "ಹೋಗೋಣ" ಅಂದರು.

ವೀಲ್‌ಚೇರ್ ನಾಲ್ಕು ಹೆಜ್ಜೆ ಹೋಗಿರಲಿಲ್ಲ... ಗೌಡರು ಓಡಿ ಬಂದು ಅದರ ಮುಂದೆ ಮಂಡಿಯೂರಿ ಕೂತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದರು. ಕೈಯಲ್ಲಿನ ಫೋನ್ ಇನ್ನೂ ಕಟ್ ಆಗಿರಲಿಲ್ಲ.

"ಬಿಸಿಲಲ್ರಿ ಕ್ಯಾಪ್ಟನ್ ಸಾಹೇಬ್ರ... ನನ್ನ ಕಲ್ಲು. ನನ್ನ ಕಲ್ಲಿನ ಸಲುವಾಗಿ ಅವರನ್ನ ಇಳಿಸಿಬಿಟ್ಟೆ."

.
.
.

ನಮ್ಮ ದೊಡ್ಡಸ್ತಿಕೆಗೆ ಜಾಗ ಮಾಡಿಕೊಡಲು ಯಾರೋ ಒಬ್ಬರು ಸದ್ದಿಲ್ಲದೆ ಇಳಿದು ಹೋಗಿರುತ್ತಾರೆ.

ಈಗ ನೀವೇ ಹೇಳಿ... ನಿಮ್ಮ ಹಟಕ್ಕಾಗಿ ಇಳಿದು ಹೋದವರು ಯಾರು? ಅವರಿಗೆ ಇವತ್ತು ಒಂದು ಫೋನ್ ಮಾಡ್ತೀರಾ?