ಮಾತಿನ ತೆರಿಗೆ

ಕೂಲಿ, ಸಂಬಳ, ಲಾಭ ಎಲ್ಲವೂ ಮಾತಿನಲ್ಲೇ ಸಿಗುವ ಕಾಲ. ಬಡವರಿಗೆ ದಿನಕ್ಕೆ ಹಿಡಿಯಷ್ಟು ಮಾತು; ತೀರಿದರೆ ಮರುದಿನದವರೆಗೆ ಬಾಯಿ ಬಂದ್. ಶ್ರೀಮಂತರಿಗೆ ಹರಟಿದರೂ ಮುಗಿಯದಷ್ಟು. ಹೆಚ್ಚು ಮಾತುಳ್ಳವರು ಹೆಚ್ಚು ತೆರಿಗೆ ಕೊಡಬೇಕೆಂಬ ಮಸೂದೆ ಅಂದು ವಿಧಾನಸಭೆಗೆ ಬಂದಿತ್ತು.

ಅದರ ಪರ ಮಾತಾಡಲೆಂದು ನೇಕಾರ ಓಣಿಯವರು ತಮ್ಮ ಆ ದಿನದ ಮಾತನ್ನೆಲ್ಲ ಶಾಸಕಿ ಗಂಗವ್ವನಿಗೆ ಕೊಟ್ಟು, ಟಿವಿ ಮುಂದೆ ಕೂತಿದ್ದರು. ಅಳುವ ಕೂಸಿಗೆ ಯಾರೂ ಜೋಗುಳ ಹಾಡಿರಲಿಲ್ಲ.

ಸದನದ ಬಾಗಿಲಲ್ಲೇ ಸಕ್ಕರೆ ಕಾರ್ಖಾನೆಯ ಮಾಲೀಕ, ಶಾಸಕ ದೇಸಾಯಿಯವರು ಎದುರಾದರು.

“ಆರಾಮ ಅದಿಯೇನವಾ ಗಂಗವ್ವ? ಸೊಸಿ ಹಡದಳಂತ?”

“ಹೂಂನ್ರೀ ಸಾಹೇಬ್ರ, ಹೆಣ್ಣುಕೂಸು ಆಗೇತ್ರಿ. ನಿಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರೀ?”

ದೇಸಾಯಿಯವರು ಮಗ್ಗ, ನೂಲಿನ ದರ, ಮೊಣಕಾಲು ನೋವು ಎಲ್ಲ ವಿಚಾರಿಸಿದರು. ಮಾತು ಖರ್ಚಾಗುತ್ತಿದೆಯೆಂದು ಗೊತ್ತಿದ್ದೂ ಗಂಗವ್ವ ಎಲ್ಲಕ್ಕೂ ಉತ್ತರ ಹೇಳಿದಳು. ಹಿರಿಯರು ಕೇಳಿದರೆ ಸುಮ್ಮನೆ ಹೋಗಿಬಿಡುವುದು ಅವಳ ಓಣಿಯ ರೀತಿಯಲ್ಲ.

ಮಸೂದೆಯನ್ನು ದೇಸಾಯಿಯವರು ಮಧ್ಯಾಹ್ನದವರೆಗೂ ವಿರೋಧಿಸಿದರು, ಅದೂ ಬಡವರ ಮೇಲಿನ ಪ್ರೀತಿಯಿಂದ. ಆಮೇಲೆ ಗಂಗವ್ವ ಎದ್ದು, “ಸನ್ಮಾನ್ಯ ಸಭಾಧ್ಯಕ್ಷರೇ” ಎಂದಳು. ಅಲ್ಲಿಗೆ ಮಾತು ತೀರಿತು.

ಮತಕ್ಕೆ ಹಾಕಿ ಹೆಸರು ಕೂಗಿದಾಗ ಕೈ ಎತ್ತಿದಳು.

“ಹೌದು ಅಂತ ಬಾಯಿಬಿಟ್ಟು ಹೇಳಬೇಕಮ್ಮ, ಸದನದ ನಿಯಮ,” ಎಂದರು ಸಭಾಧ್ಯಕ್ಷರು. ಸ್ವಲ್ಪ ಕಾದು ಮುಂದಿನ ಹೆಸರಿಗೆ ಹೋದರು.

ಮಸೂದೆ ಒಂದೇ ಮತದ ಕೊರತೆಯಿಂದ ಬಿದ್ದುಹೋಯಿತು. ನೇಕಾರ ಓಣಿಯಲ್ಲಿ ಅಯ್ಯೋ ಎನ್ನಲಿಕ್ಕೂ ಯಾರಲ್ಲೂ ಮಾತಿರಲಿಲ್ಲ.

ಹೊರಗೆ ದೇಸಾಯಿಯವರು ಹತ್ತಿರ ಬಂದು, “ಬ್ಯಾಸರ ಮಾಡ್ಕೋಬ್ಯಾಡವಾ. ಊಟ ಆತಿಲ್ಲೋ?” ಎಂದರು.

ಉತ್ತರ ಕೊಡಲೆಂದು ಗಂಗವ್ವನ ಬಾಯಿ ತಾನಾಗಿ ತೆರೆದುಕೊಂಡಿತು.