ಮಡಿ ನೀರಿನ ಹಗ್ಗ

ಒಂದು ಹಗ್ಗದ ಕಥೆ ಇದು. ಓದಿ ಮುಗಿಸಿದ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳಿ...

ರಂಗನಾಯಕಮ್ಮನವರಿಗೆ ಎಪ್ಪತ್ತೆರಡು ವರ್ಷ. ದಿನವೂ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹಿತ್ತಲ ಬಾವಿಯಿಂದ ದೇವರಿಗೆ ಒಂದು ಕೊಡ ನೀರು ಸೇದುತ್ತಿದ್ದರು.

ಆ ಹಗ್ಗವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬದುಕಿದ್ದಾಗ ಯಜಮಾನರೂ ಮುಟ್ಟುತ್ತಿರಲಿಲ್ಲ. ಪೂಜೆಯಾದ ಮೇಲೆ ಅದು ಮುಂಬಾಗಿಲ ಹಿಂದಿನ ಗೂಟಕ್ಕೆ ಹೋಗುತ್ತಿತ್ತು.

ರಾಮನವಮಿಯ ಹಿಂದಿನ ದಿನ ಅವರ ಮನೆಯೆದುರಿನ ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡು ಕೊಳಚೆ ರಸ್ತೆಗೆ ಹರಿಯಿತು. ಯಂತ್ರದ ಗಾಡಿ ಬರಲು ಎರಡು ದಿನ ಬೇಕೆಂದರು.

ಬೀದಿಯ ಸಂಘದ ಅಧ್ಯಕ್ಷರು ಶೇಷಾದ್ರಿ. ಅವರಿಗೆ ಅಷ್ಟು ತಾಳ್ಮೆ ಎಲ್ಲಿಯದು!

"ನಾಳೆ ಪಾನಕ ಹಂಚೋ ಜಾಗ ಇದು. ಈ ವಾಸನೇಲಿ ರಾಮದೇವ್ರನ್ನ ಕೂರಿಸೋಕಾಗುತ್ತಾ?" ಎಂದು, ಬೀದಿಯ ಚರಂಡಿ ಬಳಿಯುವ ಮುನಿರಾಜುವನ್ನು ಕರೆಸಿ "ಇಳಿಯೋ" ಎಂದರು.

ಮುನಿರಾಜು ಗುಂಡಿಯೊಳಗೆ ಇಣುಕಿ ನೋಡಿದ. ನೆಟ್ಟಗೆ ರಂಗನಾಯಕಮ್ಮನವರ ಬಾಗಿಲಿಗೆ ಬಂದ.

"ಅಮ್ಮಾ, ಒಂದು ಹಗ್ಗ ಇದ್ರೆ ಕೊಡಿ. ಸೊಂಟಕ್ಕೆ ಕಟ್ಕೊಂಡು ಇಳೀತೀನಿ. ಒಳಗೆ ಗ್ಯಾಸ್ ಇರೋ ಹಾಗಿದೆ."

ಹಗ್ಗ ಅವರ ಬೆನ್ನ ಹಿಂದೆಯೇ ಇತ್ತು. ಆದರೆ ಕೇಳಿದವನ ಜಾತಿ ಯಾವುದು... ಇಳಿಯುವುದು ಎಲ್ಲಿಗೆ... ಆಮೇಲೆ ಆ ಹಗ್ಗದಲ್ಲಿ ದೇವರಿಗೆ ನೀರು ಸೇದುವುದು ಹೇಗೆ?

"ಇಲ್ಲಪ್ಪ... ನಮ್ಮನೇಲಿ ಹಗ್ಗ ಇಲ್ಲ."

ಮುನಿರಾಜು ಗೂಟದ ಕಡೆ ಒಮ್ಮೆ ನೋಡಿದ. ಅವರ ಮುಖ ನೋಡಿದ. ನಕ್ಕ.

"ಆಯ್ತು ಬಿಡಿ ಅಮ್ಮ. ನಾಳೆ ನನ್ ಮಗಳಿಗೆ ಒಂದು ಲೋಟ ಪಾನಕ ತೆಗೆದಿಡಿ. ಹೋದ್ ಸಲ ಅವ್ಳು ಬರೋ ಹೊತ್ತಿಗೆ ಎಲ್ಲಾ ನೀವೇ ಕುಡಿದುಬಿಟ್ಟಿದ್ರಿ!"

ಗೇಟಿನ ಪಕ್ಕ ಚಪ್ಪಲಿ ಬಿಟ್ಟು ಇಳಿದ.

ಮತ್ತೆ ಮೇಲೆ ಬರಲಿಲ್ಲ...

ಪೊಲೀಸರು ಬಂದರು. "ಕುಡಿದಿದ್ದ, ಕಾಲು ಜಾರಿ ಬಿದ್ದ. ಯಾರೂ ಇಳಿಸಲಿಲ್ಲ" ಎಂದಿತು ಇಡೀ ಬೀದಿ.

ರಂಗನಾಯಕಮ್ಮನವರು, "ನಾನು ಪೂಜೇಲಿದ್ದೆ, ನೋಡಲಿಲ್ಲ" ಎಂದರು.

ಅಂದಿನಿಂದ ನೀರು ಸೇದುವಾಗ ಕೊಡ ಅರ್ಧಕ್ಕೆ ಬರುತ್ತಿದ್ದಂತೆ ಹಗ್ಗ ಬಿಗಿಯಾಗುತ್ತಿತ್ತು... ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ.

ಗಂಟೆ ಬಾರಿಸಿದರೆ ಗಂಟೆಯ ಸದ್ದಿನೊಳಗೂ ಅದೇ ದನಿ. "ಅಮ್ಮಾ, ಒಂದು ಹಗ್ಗ..."

ಮೂರು ತಿಂಗಳ ಮೇಲೆ, ವಿಚಾರಣೆಗೆ ಅಧಿಕಾರಿ ಬರುವರೆಂದು ಸುದ್ದಿ ಬಂತು. ಅವರು ಬರುವ ಹಿಂದಿನ ದಿನ ಮುನಿರಾಜುವಿನ ಹೆಂಡತಿ ಗಂಗರತ್ನ ಗೇಟಿನ ಹೊರಗೆ ನಿಂತಿದ್ದಳು.

"ಅಮ್ಮಾ, ನನ್ ಗಂಡ ಒಂದು ತೊಟ್ಟು ಕುಡೀತಿರ್ಲಿಲ್ಲ. ಸ್ಕೂಲಲ್ಲಿ ನನ್ ಮಗೂನ ಕುಡುಕನ ಮಗಳು ಅಂತಾರೆ. ಇಳಿಸಿದ್ದು ಯಾರು ಅಂತ ಒಬ್ರಾದ್ರೂ ಹೇಳಿ. ಇಲ್ದಿದ್ರೆ ನಾಳೆಗೆ ಕೇಸ್ ಮುಚ್ಚಿಬಿಡ್ತಾರಂತೆ."

ಅವಳು ಅತ್ತ ಹೋದಳು, ಇತ್ತ ಶೇಷಾದ್ರಿ ಬಂದರು.

"ಅತ್ತಿಗೆ, ಕೊನೆಗಾಲದಲ್ಲಿ ಅಣ್ಣನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನನ್ನ ಕಾರಲ್ಲಿ. ನೆನಪಿದೆ ತಾನೆ? ಈ ವಯಸ್ಸಲ್ಲಿ ನಿಮಗ್ಯಾಕೆ ಊರ ಉಸಾಬರಿ? ರಾಮ ರಾಮ ಅಂತ ಇದ್ಬಿಡಿ."

ಸಂಜೆ ರಂಗನಾಯಕಮ್ಮನವರು ದೀಪ ಹಚ್ಚಿ ದೇವರ ಮುಂದೆ ನಿಂತರು. "ತಂದೆ, ಇಷ್ಟು ವರ್ಷ ನಿನಗೆ ತಂದ ನೀರು ಮಡಿಯಾಗಿತ್ತಾ?"

ದೀಪ ಉರಿಯುತ್ತಲೇ ಇತ್ತು...

ಮರುದಿನ ರಾಮಮಂದಿರದಲ್ಲಿ ಅಧಿಕಾರಿಯ ಮುಂದೆ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಎದ್ದು "ಕುಡಿದಿದ್ದ" ಎಂದರು. ಗಂಗರತ್ನ ಮಗಳ ಕಿವಿ ಮುಚ್ಚಿ ಹಿಡಿದು ಮೂಲೆಯಲ್ಲಿ ಕುಳಿತಿದ್ದಳು.

ಕೊನೆಗೆ ರಂಗನಾಯಕಮ್ಮನವರು ಎದ್ದರು. ಕೈಯಲ್ಲಿ ಆ ಹಗ್ಗ.

"ಸ್ವಾಮಿ, ಅವನು ಕುಡಿದಿರಲಿಲ್ಲ. ನನ್ನೆದುರಿಗೇ ನಿಂತು ಮಾತಾಡಿದ್ದಾನೆ. ಇಳಿ ಅಂದದ್ದು ಶೇಷಾದ್ರಿ. ಮುನಿರಾಜು ಕೇಳಿದ್ದು ಈ ಹಗ್ಗ. ಮೈಲಿಗೆ ಆಗುತ್ತೆ ಅಂತ ನಾನು ಇಲ್ಲ ಅಂದೆ... ಪೊಲೀಸರಿಗೆ ಸುಳ್ಳು ಹೇಳಿದೆ. ಅದನ್ನೂ ಬರ್ಕೊಳ್ಳಿ."

"ಸಾರ್, ಅವರಿಗೆ ವಯಸ್ಸಾಗಿದೆ, ಮರೆವು..." ಎಂದರು ಶೇಷಾದ್ರಿ.

"ಮರೆಯೋಕಾಗಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ ಶೇಷಾದ್ರಿ."

ಅಧಿಕಾರಿ ಬರೆಯತೊಡಗಿದರು.

ಗಂಗರತ್ನ ಎದ್ದು ಬಂದಳು. ಹಗ್ಗವನ್ನು ಕೈಗೆ ತೆಗೆದುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು.

"ಇದು ಸಾಕಾಗ್ತಿತ್ತಾ ಅಮ್ಮ?"

"ಸಾಕಾಗಿ ಮಿಗ್ತಿತ್ತು ಕಣಮ್ಮ... ನಮ್ಮ ಬಾವಿ ಮೂವತ್ತಡಿ."

ಆ ಮುದಿ ಜೀವ ಅಳುತ್ತಾ ಅವಳ ಕಾಲಿಗೆ ಬಗ್ಗಿತು. ಗಂಗರತ್ನ ಹಿಂದೆ ಸರಿದು, ಹಗ್ಗವನ್ನು ಅವರ ಕೈಯಲ್ಲೇ ಇಟ್ಟಳು.

"ಹಗ್ಗ ಹಾಳಾಗ್ಲಿ ಬಿಡಿ ಅಮ್ಮ... ಅವತ್ತು 'ಇಳೀಬೇಡ ಕಣಪ್ಪ' ಅಂತ ನೀವು ಒಂದು ಮಾತು ಅಂದಿದ್ರೆ ಸಾಕಾಗಿತ್ತು."

ಈಗ ಬೀದಿಯವರು ರಂಗನಾಯಕಮ್ಮನವರನ್ನು ಮಾತನಾಡಿಸುವುದಿಲ್ಲ. ಮ್ಯಾನ್‌ಹೋಲ್ ಕಟ್ಟಿಕೊಂಡರೆ ಅವರು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಂತ್ರ ಬರುವವರೆಗೂ ಏಳುವುದಿಲ್ಲ.

ಈ ಸಲದ ರಾಮನವಮಿಗೆ ಒಂದು ಲೋಟ ಪಾನಕ ತೆಗೆದಿಟ್ಟು ಗೇಟಿನಲ್ಲಿ ಕಾದರು.

ಸಂಜೆಯಾದರೂ ಆ ಮಗು ಬರಲಿಲ್ಲ...

*

ಅನ್ಯಾಯದ ಎದುರು ಆಡದೇ ಉಳಿಸಿಕೊಂಡ ಮಾತನ್ನು ಯಾವ ಮಡಿ ನೀರೂ ತೊಳೆಯುವುದಿಲ್ಲ.

ನಿಮ್ಮ ಬೀದಿಯಲ್ಲಿ ಆ ಮುಚ್ಚಳ ತೆರೆದ ದಿನ... ನೀವು ಬಾಗಿಲು ಹಾಕಿಕೊಳ್ಳುತ್ತೀರೋ, ಹೊರಗೆ ಬಂದು "ಇಳೀಬೇಡ" ಎನ್ನುತ್ತೀರೋ?