ಮಾಸ್ತರರ ಕೊನೆಯ ಹಾಳೆ

ಸರುಬಾಯಿಯ ಟ್ರಂಕು ಅಂಗಳಕ್ಕೆ ಬಂದು ಬಿದ್ದದ್ದು ಬೆಳಿಗ್ಗೆ ಎಂಟಕ್ಕೆ. ಹನ್ನೊಂದಕ್ಕೆ ಸ್ಮಾರಕದ ಉದ್ಘಾಟನೆ. ಅಷ್ಟರೊಳಗೆ ಆಕೆ ಮನೆ ಬಿಡಬೇಕು. ಸಾಹಿತಿ ಮನ್ಮಥಪ್ಪ ಮಾಸ್ತರರಿಗೆ ಮೂವತ್ತು ವರ್ಷ ರೊಟ್ಟಿ ಬಡಿದವಳು ಅಲ್ಲೇ ಇದ್ದರೆ ಸ್ಮಾರಕಕ್ಕೆ ಶೋಭೆಯಲ್ಲ ಎಂದು ಅವರ ತಮ್ಮನ ಮಗ ಜಗದೇವಪ್ಪ ತೀರ್ಮಾನಿಸಿದ್ದ. ಸ್ಮಾರಕವೆಂದರೆ ಮುಂದಿನ ಒಂದು ಕೋಣೆ. ಹಿಂದಿನ ಆರು ಕೋಣೆಗಳಿಗೆ ಅಂಗಡಿ ಶಟರಿನ ಅಳತೆ ಆಗಲೇ ಹೋಗಿತ್ತು.

ಗಡಿಯಾಚೆ ಮರಾಠಿ ಸೀಮೆಯ ನಿಲಂಗಾದ ಈ ಕಲ್ಲಿನ ವಾಡೆಯಲ್ಲಿ ಕೂತು ಮಾಸ್ತರರು ಹದಿನಾಲ್ಕು ಪುಸ್ತಕ ಬರೆದರು. ಎಲ್ಲವೂ ಕನ್ನಡದಲ್ಲಿ. ಮನೆಮಂದಿ ಜಗಳಾಡುವುದೂ ಕನ್ನಡದಲ್ಲೇ. ಆದರೆ ಅವರೆಲ್ಲ ಓದು ಕಲಿತದ್ದು ಮರಾಠಿ ಶಾಲೆಯಲ್ಲಿ. ಹೀಗಾಗಿ ಮಾಸ್ತರರನ್ನು ಎಲ್ಲರೂ ಗೌರವಿಸಿದರು, ಯಾರೂ ಓದಲಿಲ್ಲ.

ಹೋದ ತಿಂಗಳು, ದೊಡ್ಡಪ್ಪ ಕೊನೆಗೇನಾದರೂ ಬರೆದಿಟ್ಟಿದ್ದಾರೆಯೇ ಎಂದು ಜಗದೇವಪ್ಪ ವಿಚಾರಿಸಿದ್ದ. ಸರುಬಾಯಿ ದೇವರ ಮಾಡದಿಂದ ಒಂದು ಹಾಳೆ ತಂದುಕೊಟ್ಟಳು.

"ಏನ್ ಬರದಾರ ಇದರಾಗ?"

"ನನಗೆಲ್ಲಿ ಅಕ್ಷರ ಬರ್ತಾವ್ರಿ ಸಾವ್ಕಾರ. ಈ ಮನಿ ಬಗ್ಗೆನೇ ಬರದೀನಿ ಅಂದಿದ್ರು. ನಾಕ್ ಮಂದಿಗಿ ಕಾಣೂಹಂಗ ಇಡು ಅಂದ್ರು."

ಮನೆಯ ಬಗ್ಗೆ ಕವಿತೆ! ಜಗದೇವಪ್ಪ ಪುಳಕಿತನಾದ. ಕೆಳಗೆ ಮೂರು ಸಹಿಗಳಿದ್ದವು. ಒಂದೇ ಹಾಳೆಗೆ ಮೂರು ಸಲ ಸಹಿ ಹಾಕುವುದು ದೊಡ್ಡ ಸಾಹಿತಿಗಳ ಗತ್ತು ಎಂದುಕೊಂಡ. ಲಾತೂರಿನಲ್ಲಿ ಹಾಳೆಯ ಫೋಟೊ ಕೊಟ್ಟು ಕರಿಕಲ್ಲಿನ ಮೇಲೆ ಕೊರೆಸಿದ. ಕೊರೆದದ್ದು ಯಂತ್ರ, ಅದಕ್ಕೂ ಕನ್ನಡ ಬಾರದು. ಅಡಿಯಲ್ಲಿ ತನ್ನ ಹೆಸರನ್ನು ಮರಾಠಿಯಲ್ಲಿ, ತುಸು ದಪ್ಪಗೆ ಹಾಕಿಸಿದ.

ಹನ್ನೊಂದಕ್ಕೆ ಪರದೆ ಸರಿಯಿತು. ಮುಂದಿನ ಸಾಲಿನಲ್ಲಿ ಅತಿಥಿಗಳಾಗಿ ಕೂತಿದ್ದ ಊರ ವಕೀಲರೆಲ್ಲ ಚಪ್ಪಾಳೆ ತಟ್ಟಿದರು. ಸರುಬಾಯಿ ಟ್ರಂಕಿನ ಮೇಲೆಯೇ ಕೂತಿದ್ದಳು; ಹೊರಡುವ ಅವಸರ ಕಾಣಲಿಲ್ಲ. ಕವಿತೆ ಓದಲು ಜಗದೇವಪ್ಪ ತನ್ನ ಹೊಸ ಸೊಸೆಯನ್ನು ಕರೆದ. ತ್ರಿವೇಣಿ ಭಾಲ್ಕಿಯವಳು, ಕನ್ನಡ ಶಾಲೆಯಲ್ಲಿ ಕಲಿತವಳು.

ಆಕೆ ಕಲ್ಲನ್ನು ನೋಡಿದಳು. ಸರುಬಾಯಿಯನ್ನು ನೋಡಿದಳು. ಮೈಕಿಗೆ ಕೈ ಅಡ್ಡ ಹಿಡಿದಳು.

"ಮಾವಾರ, ಪೂರಾ ಓದ್ಲೇನ್ರಿ?"

"ಒಂದಕ್ಷರ ಬಿಡಬ್ಯಾಡವ್ವ. ಜೋರಾಗಿ ಓದು."

ತ್ರಿವೇಣಿ ಓದಿದಳು: "ಮೃತ್ಯುಪತ್ರ. ನನ್ನ ನಂತರ ಈ ಇಡೀ ಮನೆ ಸರುಬಾಯಿಗೆ. ಕೆಳಗೆ ನನ್ನದೂ ಇಬ್ಬರು ಸಾಕ್ಷಿಗಳದೂ ಸಹಿ ಇದೆ. ಈ ಹಾಳೆ ತಮ್ಮನ ಮಗ ಜಗದೇವಪ್ಪನ ಕೈಗೆ ಸಿಕ್ಕರೆ ಹರಿದು ಹಾಕಿಯಾನು ಎಂಬ ಭಯ ನನಗಿಲ್ಲ. ಅವನಿಗೆ ಕನ್ನಡ ಓದಲು ಬಾರದು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾನೆ."